ಸ್ಕೂಟರ್ ಎಂಜಿನ್ನಿನ ಟೈಮಿಂಗ್ ಚೈನ್ ಗೈಡ್: ಅಗ್ಗದ ಬಿಡಿಭಾಗ, ದುಬಾರಿ ಅಲಕ್ಷ್ಯ

ಮೈಸೂರು–ನಂಜನಗೂಡು ಹೆದ್ದಾರಿಯ ಬದಿಯ ತಾಂಡ್ಯ ಕೈಗಾರಿಕಾ ಪ್ರದೇಶದ ಸಣ್ಣ ಘಟಕಗಳಿಗೆ ಸ್ಕೂಟರ್ ಸವಾರಿಯ ಸಾಧನ ಮಾತ್ರವಲ್ಲ. ಮಾದರಿ ಒಯ್ಯಲು, ಬ್ಯಾಂಕಿಗೆ ಹೋಗಿಬರಲು, ತುರ್ತಾಗಿ ಒಂದು ಬೇರಿಂಗ್ ತರಲು ಅದೇ ಆಧಾರ. ಸಮೀಪದ ಕಡಕೊಳದಲ್ಲಿ ಟಿವಿಎಸ್ ಮೋಟಾರ್ ಕಂಪನಿಯ ದ್ವಿಚಕ್ರ ವಾಹನ ಕಾರ್ಖಾನೆಯೂ ಇದೆ. ಹೀಗೆ ಈ ಭಾಗದಲ್ಲಿ ದ್ವಿಚಕ್ರ ವಾಹನವು ಉತ್ಪನ್ನವೂ ಹೌದು, ದುಡಿಮೆಯ ಉಪಕರಣವೂ ಹೌದು. ಅದರ ಎಂಜಿನ್ನಿನೊಳಗಿನ ಒಂದು ಪ್ಲಾಸ್ಟಿಕ್ ಪಟ್ಟಿಯ ಸವೆತವನ್ನು ಅಲಕ್ಷಿಸಿದರೆ ಆಗುವ ನಷ್ಟವು ಉದ್ಯಮಿಗಳು, ವರ್ತಕರು ಅರಿತಿರಬೇಕಾದ ವಿಷಯವಾಗಿದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಬೈಕುಗಳದು ಟೂ ಸ್ಟ್ರೋಕ್ ಎಂಜಿನ್. ಅದರಲ್ಲಿ ಕ್ಯಾಮ್‌ಶಾಫ್ಟ್ ಇಲ್ಲ. ಆದುದರಿಂದ ಟೈಮಿಂಗ್ ಚೈನೂ ಇಲ್ಲ. 2001ರಲ್ಲಿ ಮಾರುಕಟ್ಟೆಗೆ ಬಂದ ಹೋಂಡಾ ಆಕ್ಟಿವಾದಂತಹ ಫೋರ್ ಸ್ಟ್ರೋಕ್ ಸ್ಕೂಟರುಗಳು ಜನಪ್ರಿಯವಾದಂತೆ ಈ ಚೈನು ಮತ್ತು ಅದರ ಗೈಡು ಗ್ಯಾರೇಜುಗಳ ನಿತ್ಯದ ಕೆಲಸಕ್ಕೆ ಸೇರಿದವು.

ಗೈಡಿನ ಕಾರ್ಯ

ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದಾಗ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗಿ ವಾಲ್ವುಗಳನ್ನು ತೆರೆಯುತ್ತದೆ. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಕ್ಯಾಮ್‌ಶಾಫ್ಟ್ ಸೆಕೆಂಡಿಗೆ 50 ಸುತ್ತು ತಿರುಗುತ್ತಿರುತ್ತದೆ. ಈ ವೇಗದಲ್ಲಿ ಚೈನು ಅದುರದಂತೆ ಒಂದು ಬದಿಯಲ್ಲಿ ಗೈಡ್ ಅದಕ್ಕೆ ದಾರಿಯಾಗುತ್ತದೆ. ಇನ್ನೊಂದು ಬದಿಯಲ್ಲಿ ಟೆನ್ಶನರ್ ಪಟ್ಟಿ ಅದನ್ನು ಒತ್ತಿ ಬಿಗಿಯಾಗಿಡುತ್ತದೆ.

ಆಯಿಲ್ ಕಡಿಮೆಯಾದರೆ ಅಥವಾ ಹಳೆಯದಾದರೆ, ಚೈನು ಸವೆದು ಉದ್ದವಾದರೆ, ಟೆನ್ಶನರ್ ಸಿಕ್ಕಿಕೊಂಡರೆ ಗೈಡ್ ಬೇಗ ಸವೆಯುತ್ತದೆ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ, ನಿಧಾನಗತಿಯಲ್ಲಿ, ಚೈನಿರುವ ಬದಿಯಿಂದ ಬರುವ ಗಲಗಲ ಸದ್ದು ಅದರ ಮುನ್ಸೂಚನೆ. ಇದನ್ನು ಟ್ಯಾಪೆಟ್ ಸದ್ದೆಂದು ಭಾವಿಸಿ ಟ್ಯಾಪೆಟ್ ಸರಿಪಡಿಸಿ ಕಳುಹಿಸಿದರೆ ದೋಷ ಉಳಿಯುತ್ತದೆ. ಮುಂದೆ ಗೈಡಿನ ಚೂರುಗಳು ಆಯಿಲ್ ಜಾಲರಿಯನ್ನು ಕಟ್ಟಬಹುದು. ಚೈನು ಒಂದು ಹಲ್ಲು ಜಿಗಿದರೆ ಟೈಮಿಂಗ್ ತಪ್ಪಿ ಎಂಜಿನ್ನಿನ ಶಕ್ತಿ ಕುಂದುತ್ತದೆ. ಕೆಲವು ಎಂಜಿನ್ನುಗಳಲ್ಲಿ ವಾಲ್ವ್ ಪಿಸ್ಟನ್ನಿಗೆ ಬಡಿದು ಬಾಗುವುದೂ ಉಂಟು.

ಬದಲಾಯಿಸುವ ಕ್ರಮ

ಎಂಜಿನ್ ಪೂರ್ಣವಾಗಿ ತಣಿದ ಮೇಲೆ ಆಯಿಲ್ ಇಳಿಸಿ, ಹೊರಕವಚಗಳನ್ನೂ ಹೆಡ್ ಕವರನ್ನೂ ತೆಗೆಯಬೇಕು. ಪಿಸ್ಟನ್ ಕಂಪ್ರೆಷನ್ನಿನ ಮೇಲ್ತುದಿಗೆ ಬರುವಂತೆ ಫ್ಲೈವೀಲ್ ತಿರುಗಿಸಿ ಟೈಮಿಂಗ್ ಗುರುತುಗಳನ್ನು ಹೊಂದಿಸಬೇಕು. ಟೆನ್ಶನರನ್ನು ಸಡಿಲಿಸಿ ಕ್ಯಾಮ್ ಸ್ಪ್ರಾಕೆಟ್ ಬಿಚ್ಚುವಾಗ ಚೈನು ಕೆಳಗೆ ಬೀಳದಂತೆ ತಂತಿಯಿಂದ ಕಟ್ಟಿಡುವುದು ಅವಶ್ಯ. ಹೆಡ್ ನಟ್‌ಗಳನ್ನು ಕರ್ಣಾಕಾರದಲ್ಲಿ, ಹಂತಹಂತವಾಗಿ ಸಡಿಲಿಸಬೇಕು. ಹೆಡ್ ತೆಗೆದ ನಂತರ ಹಲವು ಎಂಜಿನ್ನುಗಳಲ್ಲಿ ಗೈಡ್ ಮೇಲಕ್ಕೆ ಬರುತ್ತದೆ. ಕ್ರ್ಯಾಂಕ್‌ಕೇಸಿನಲ್ಲಿ ಬೋಲ್ಟಿನಿಂದ ಬಿಗಿದಿರುವ ಟೆನ್ಶನರ್ ಪಟ್ಟಿಯನ್ನು ತೆಗೆಯಲು ಹೆಚ್ಚಿನ ಬಿಚ್ಚುವಿಕೆ ಬೇಕಾಗುತ್ತದೆ.

ಹೊಸ ಗೈಡ್ ತನ್ನ ಕಚ್ಚಿನಲ್ಲಿ ಸರಿಯಾಗಿ ಕೂರಬೇಕು. ಹೆಡ್ ಗ್ಯಾಸ್ಕೆಟ್ ಹೊಸದಾಗಿರಬೇಕು. ನಟ್‌ಗಳನ್ನು ತಯಾರಕರು ಸೂಚಿಸಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ಕೂರಿಸಬೇಕು. ಟೆನ್ಶನರನ್ನು ಬಿಟ್ಟ ಬಳಿಕ ಎಂಜಿನ್ನನ್ನು ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೆ ಪರೀಕ್ಷಿಸಿದ ನಂತರವೇ ಸ್ಟಾರ್ಟ್ ಮಾಡುವುದು ಕ್ಷೇಮ. ಆಯಿಲ್ ಜಾಲರಿಯನ್ನು ಸ್ವಚ್ಛಗೊಳಿಸಿ ಹೊಸ ಆಯಿಲ್ ತುಂಬುವುದನ್ನು ಮರೆಯಬಾರದು.

ವರ್ತಕರಿಗೂ ತಯಾರಕರಿಗೂ

ಈ ಕೆಲಸದಲ್ಲಿ ಗೈಡಿನ ಬೆಲೆಗಿಂತ ಬಿಚ್ಚಿ ಜೋಡಿಸುವ ಕೂಲಿಯೇ ಹೆಚ್ಚು. ಹೀಗಿರುವಾಗ ಸವೆದ ಚೈನನ್ನು ಒಳಗೇ ಬಿಟ್ಟು ಗೈಡ್ ಮಾತ್ರ ಬದಲಾಯಿಸುವುದು ಉಳಿತಾಯವೆನಿಸದು. ಹೊಸ ಗೈಡೂ ಬೇಗನೆ ಸವೆದು ಅದೇ ಕೂಲಿಯನ್ನು ಮತ್ತೊಮ್ಮೆ ತೆರಬೇಕಾಗುತ್ತದೆ. ಚೈನು, ಗೈಡ್, ಟೆನ್ಶನರ್ ಪಟ್ಟಿ ಮತ್ತು ಗ್ಯಾಸ್ಕೆಟ್‌ಗಳನ್ನು ಒಂದೇ ಸೆಟ್ಟಾಗಿ ದಾಸ್ತಾನಿಡುವ ವರ್ತಕನು ಗ್ರಾಹಕನ ಹಣವನ್ನೂ ಸಮಯವನ್ನೂ ಉಳಿಸುತ್ತಾನೆ. 2025ರ ಸೆಪ್ಟೆಂಬರ್ 22ರಂದು ವಾಹನ ಬಿಡಿಭಾಗಗಳಿಗೆ ಶೇ. 18ರ ಏಕರೂಪದ ಜಿಎಸ್‌ಟಿ ಜಾರಿಗೆ ಬಂದಿದ್ದು, ಈ ಮೊದಲು ಶೇ. 28ರ ವ್ಯಾಪ್ತಿಯಲ್ಲಿದ್ದ ಭಾಗಗಳ ಮೇಲಿನ ತೆರಿಗೆ ಭಾರ ತಗ್ಗಿದೆ. ಬಿಲ್ಲು ಸಹಿತ ಅಸಲಿ ಭಾಗ ಕೊಳ್ಳುವಂತೆ ಗ್ರಾಹಕರ ಮನವೊಲಿಸಲು ಇದು ಅನುಕೂಲ.

ಇಂಜೆಕ್ಷನ್ ಮೋಲ್ಡಿಂಗ್ ಘಟಕಗಳಿಗೂ ಇಲ್ಲಿ ಪಾಠವಿದೆ. ಗೈಡಿನ ಆಕಾರವನ್ನು ನಕಲು ಮಾಡುವುದು ಸುಲಭ. ಬಿಸಿ ಆಯಿಲ್‌ನಲ್ಲಿ ವರ್ಷಗಟ್ಟಲೆ ಬಾಳುವಂತೆ ಮಾಡುವುದು ಕಷ್ಟ. ನೈಲಾನ್ ತೇವ ಹೀರುವ ವಸ್ತು. ಕಾಳನ್ನು ಸರಿಯಾಗಿ ಒಣಗಿಸದೆ ಅಚ್ಚಿಗೆ ಹಾಕಿದರೆ ನೋಟಕ್ಕೆ ಚೆನ್ನಾಗಿದ್ದರೂ ಭಾಗದ ಬಲ ಕುಗ್ಗಬಹುದು. ಅಂತಹ ಭಾಗ ಮುರಿದರೆ ತಯಾರಕನಿಗೆ ಹೋಗುವುದು ಒಂದು ಗೈಡಿನ ಬೆಲೆಯಷ್ಟೇ. ಸ್ಕೂಟರ್ ನಿಂತ ಸಣ್ಣ ಉದ್ಯಮಿಗೆ ಹೋಗುವುದು ದಿನದ ದುಡಿಮೆ. ಸರಿಯಾದ ವಸ್ತು, ಒಣಗಿಸುವ ಶಿಸ್ತು, ಪ್ರತಿ ತಂಡದ ಪರೀಕ್ಷೆ—ಈ ಮೂರನ್ನು ಪಾಲಿಸುವ ಘಟಕಕ್ಕೆ ಮಾರುಕಟ್ಟೆಯ ವಿಶ್ವಾಸ ತಾನಾಗಿಯೇ ಒದಗುತ್ತದೆ.