ಹೆಸರು ಬದಲಾಗದ ಕಾರು

ನಮ್ಮ ಹಟ್ಟಿಯ ಪಕ್ಕದ ಮಾಡಿನಡಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಒಂದು ಅಂಬಾಸಿಡರ್ ಕಾರು ನಿಂತಿತ್ತು. ತೀರ್ಥರೂಪರು ಅದನ್ನು 1996ರಲ್ಲಿ ಮಂಗಳೂರಿನ ಒಬ್ಬ ವೈದ್ಯರಿಂದ ಕೊಂಡಿದ್ದರು. ಅಡಿಕೆಯ ಮೂಟೆ, ಮದುವೆಯ ದಿಬ್ಬಣ, ಹೆರಿಗೆಗೆ ಹೊರಟ ಹೆಣ್ಣುಮಕ್ಕಳು, ಎಲ್ಲವನ್ನೂ ಬದಿಯಡ್ಕದ ರಸ್ತೆಗಳಲ್ಲಿ ಹೊತ್ತು ತಿರುಗಿದ ಕಾರು. 2004ರಲ್ಲಿ ಅದರ ಎಂಜಿನು ಕೈಕೊಟ್ಟಿತು. ಪುನಃ ಓಡಿಸುವ ಹಂಬಲದಿಂದ ನಾವು ಎಂಜಿನನ್ನು ಬಿಚ್ಚಿಸಿ, ಒಂದು ಬದಿಯ ತುಕ್ಕನ್ನು ಕೆರೆಸಿ, ಕೈಯಲ್ಲಿದ್ದ ಹಣ ಮುಗಿದಾಗ ಅಲ್ಲಿಗೇ ಬಿಟ್ಟೆವು. ಮನೆಯ ಕೋಳಿಗಳು ಹಿಂದಿನ ಸೀಟಿನಲ್ಲಿ ಮೊಟ್ಟೆಯಿಡತೊಡಗಿದವು.

ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ನಿಂತ ಮೇಲೆಯೇ ಅದರ ಮೇಲೆ ಜನರಿಗೆ ಮೋಹ ಹುಟ್ಟಿದ್ದು. 2023ರ ಮಳೆಗಾಲ ಕಳೆದೊಡನೆ ಕುಂಬಳೆಯ ಕಡೆಯ ಒಬ್ಬ ತರುಣ ಮೆಕ್ಯಾನಿಕ್ ಬಂದನು. ಕಾರಿನಡಿಗೆ ನುಸುಳಿ ಟಾರ್ಚು ಬಿಟ್ಟು ನೋಡಿ, "ಮಾಷ್ಟ್ರೇ, ಚಾಸಿ ಗಟ್ಟಿ ಉಂಟು. ಕಾಗದಪತ್ರ ಉಂಟಾ?" ಎಂದು ಕೇಳಿದನು.

ತೀರ್ಥರೂಪರ ಪೆಟ್ಟಿಗೆಯನ್ನು ತೆರೆದೆವು. ಆರ್‌ಸಿ ಪುಸ್ತಕವನ್ನು ಗೆದ್ದಲು ತಿಂದಿತ್ತು. ಉಳಿದುದು ಒಂದು ವಿಮೆಯ ರಶೀದಿ, ವೈದ್ಯರ ಸಹಿಯ ಹೊರತು ಬೇರೇನನ್ನೂ ತುಂಬಿಸದ ಎರಡು ಫಾರಂಗಳು. ಅಂದರೆ ಕಾರು ನಮ್ಮ ಹೆಸರಿಗೆ ಎಂದೂ ಆಗಿಯೇ ಇರಲಿಲ್ಲ. ಕೆಎಲ್ 14ರ ನಾಡಿನಲ್ಲಿ ಕೆಎ 19ರ ಫಲಕವನ್ನು ಹೊತ್ತುಕೊಂಡೇ ಅದು ಓಡಿತ್ತು. ಒಂದು ರಾಜ್ಯದ ವಾಹನವು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇರುವುದಾದರೆ ಅಲ್ಲಿಯ ಹೊಸ ನೋಂದಣಿ ಸಂಖ್ಯೆಯನ್ನು ಪಡೆಯಬೇಕೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ತಲಪಾಡಿಯನ್ನು ದಾಟಿ ಮಂಗಳೂರಿಗೆ ಹೋಗುವುದನ್ನು ಪೇಟೆಗೆ ಹೋದಂತೆಯೇ ಎಣಿಸುತ್ತಿದ್ದ ತೀರ್ಥರೂಪರಿಗೆ ಅದು ಬೇರೆ ರಾಜ್ಯವೆಂಬುದು ನೆನಪಾಗಿರಲಾರದು.

ತರುಣನ ಲೆಕ್ಕ ನೇರವಾಗಿತ್ತು. ಕಾಗದವಿಲ್ಲದಿದ್ದರೆ ನಲವತ್ತು ಸಾವಿರ, ಇದ್ದರೆ ಅದರ ಇಮ್ಮಡಿ. "ಛಾಪಾ ಕಾಗದದಲ್ಲಿ ಎರಡು ಸಾಲು ಬರೆದುಕೊಟ್ಟು ಕೈತೊಳೆದುಕೊಳ್ಳಿ" ಎಂದರು ನೆರೆಯವರು. ನಮಗೂ ಆಸೆಯಾಗದಿರಲಿಲ್ಲ.

ಆದರೆ ಛಾಪಾ ಕಾಗದದಿಂದ ತೊಳೆದುಹೋಗುವ ಕೈ ಯಾರದು? ಕಾಯಿದೆಯ ದೃಷ್ಟಿಯಲ್ಲಿ ಯಾರ ಹೆಸರಿನಲ್ಲಿ ನೋಂದಣಿ ಇದೆಯೋ ಅವರೇ ಮಾಲಿಕರು. 2009ರಲ್ಲಿ ನಡೆದ ಒಂದು ಅಪಘಾತದ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿತ್ತು. ಆ ಕಾರು ಅಷ್ಟರಲ್ಲಿ ಕೈಯಿಂದ ಕೈಗೆ ದಾಟಿತ್ತು, ಹೆಸರು ಮಾತ್ರ ಮೊದಲಿನವರದೇ ಉಳಿದಿತ್ತು. ಪರಿಹಾರದ ಹೊಣೆ ಆ ಮೊದಲಿನವರದೇ ಎಂದು 2018ರಲ್ಲಿ ತೀರ್ಪಾಯಿತು. ಅದನ್ನು ತಿಳಿದಾಗ ನಮ್ಮ ಎದೆ ಧಸಕ್ಕೆಂದಿತು. ನಮ್ಮವರು ಎಂಟು ವರ್ಷ ಓಡಿಸಿದ ಕಾರು ಎಲ್ಲಿಯಾದರೂ ಯಾರಿಗಾದರೂ ಬಡಿದಿದ್ದರೆ, ಮಂಗಳೂರಿನಲ್ಲಿ ತಮ್ಮ ರೋಗಿಗಳನ್ನು ನೋಡಿಕೊಂಡಿದ್ದ ಆ ವೈದ್ಯರ ಮನೆಬಾಗಿಲಿಗೆ ನ್ಯಾಯಾಲಯದ ನೋಟೀಸು ಹೋಗುತ್ತಿತ್ತು! ಈಗ ಗುಟ್ಟಾಗಿ ಮಾರಿದರೆ ಆ ಹೊರೆಯನ್ನು ಅವರ ಮನೆಯವರ ಮೇಲೆ ಇನ್ನೊಮ್ಮೆ ಹೊರಿಸಿದಂತೆ. ಕೊಳ್ಳುವ ತರುಣನಿಗಾದರೂ ಏನು ಸಿಕ್ಕಿತು? ಅವನು ಎಷ್ಟು ಚಂದವಾಗಿ ಬಣ್ಣ ಬಳಿದರೂ ರಸ್ತೆಗಿಳಿಸಲಾಗದ ಕಬ್ಬಿಣ.

ವಿಚಾರಿಸುತ್ತ ಹೋದೆವು. ವೈದ್ಯರು ತೀರಿಕೊಂಡಿದ್ದರು. ಅವರ ಪತ್ನಿ ಮಗಳ ಮನೆಯಲ್ಲಿದ್ದರು. ಅಳುಕುತ್ತಲೇ ಹೋಗಿ ಕುಳಿತೆವು. ಕಾರು ನಮ್ಮದೆನ್ನಲು ನಮ್ಮ ಬಳಿ ಒಂದು ಸಾಲಿನ ರಶೀದಿಯೂ ಇರಲಿಲ್ಲ. ಆ ತಾಯಿ ಒಳಗೆ ಹೋಗಿ ಹಳೆಯ ಡೈರಿಯೊಂದನ್ನು ತಂದು, ಕನ್ನಡಕ ಏರಿಸಿ, ಪುಟ ಮಗುಚಿ ತೋರಿಸಿದರು. "ನಿಮ್ಮ ತಂದೆಯವರು ಎರಡು ಕಂತಿನಲ್ಲಿ ಕೊಟ್ಟದ್ದು. ನೋಡಿ, ನಮ್ಮವರು ಬರೆದಿಟ್ಟಿದ್ದಾರೆ." ಅವರು ಇಲ್ಲವೆಂದಿದ್ದರೆ ನಾವು ಎದ್ದು ಬರಬೇಕಾಗಿತ್ತು.

ಅನಂತರದ್ದು ಕಚೇರಿಯ ಅಲೆದಾಟ. ಆರ್‌ಸಿ ಹಾಳಾದುದಕ್ಕೆ ನಕಲು ಪ್ರತಿ ಕೋರಿ ಫಾರಂ 26. ಮೃತ ಮಾಲಿಕರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಯಿಸಲು ಫಾರಂ 31, ಜೊತೆಗೆ ಮರಣಪತ್ರ, ಮಕ್ಕಳೆಲ್ಲರ ಒಪ್ಪಿಗೆ. ಪರದೇಶದಲ್ಲಿದ್ದ ಮಗನ ಒಪ್ಪಿಗೆ ಬರಲು ಎರಡು ತಿಂಗಳು ಹಿಡಿಯಿತು. ಗಡಿ ದಾಟಿಸುವುದಕ್ಕೆ ನಿರಾಕ್ಷೇಪಣಾ ಪತ್ರ, ಅದು ಫಾರಂ 28. ಅದರ ಮೇಲೆ ಚಾಸಿಯ ಸಂಖ್ಯೆಯ ಅಚ್ಚು ಬೇಕು. ತುಕ್ಕಿನಡಿಯ ಆ ಅಂಕೆಗಳ ಮೇಲೆ ಕಾಗದವನ್ನಿಟ್ಟು ಪೆನ್ಸಿಲಿನಿಂದ ಉಜ್ಜಿದಾಗ ಅವು ಒಂದೊಂದಾಗಿ ಮೂಡಿ ಬಂದುದನ್ನು ಮೊಮ್ಮಕ್ಕಳು ಬಾಯಿ ಬಿಟ್ಟು ನೋಡಿದರು. ಕೊನೆಗೆ, ಮಾರುವವರು ಕೊಳ್ಳುವವರು ಸಹಿ ಹಾಕುವ ಫಾರಂ 29 ಮತ್ತು 30, ಈ ಸಲ ಖಾಲಿಯಾಗಿ ಅಲ್ಲ.

ತೊಡಕು ಇನ್ನೊಂದಿತ್ತು. ಕಾರಿನ ಹದಿನೈದು ವರ್ಷದ ನೋಂದಣಿ 2006ರಲ್ಲೇ ಮುಗಿದಿತ್ತು. ನವೀಕರಿಸಬೇಕಾದರೆ ಅಧಿಕಾರಿಯ ಮುಂದೆ ಕಾರು ಓಡಬೇಕು. ಓಡಬೇಕಾದರೆ ತರುಣನು ಮೊದಲು ತನ್ನ ಹಣ ಹಾಕಬೇಕು. ಮುಂಗಡವಾಗಿ ಹತ್ತು ಸಾವಿರ, ಉಳಿದುದು ಹೆಸರು ಬದಲಾದ ಮೇಲೆ, ಕೆಲಸ ಕೆಟ್ಟರೆ ಬಿಡಿಭಾಗಗಳ ವೆಚ್ಚವನ್ನು ನಾವು ಕೊಡತಕ್ಕದ್ದು ಎಂದು ಬರೆದುಕೊಂಡೆವು. ಮುಂಗಡವನ್ನು ನಾವು ಮುಟ್ಟಲಿಲ್ಲ. ಕಾರು ಲಾರಿಯ ಮೇಲೆ ಕುಂಬಳೆಗೆ ಹೋಯಿತು.

ಎಲ್ಲ ಮುಗಿಯುವಾಗ ಹನ್ನೊಂದು ತಿಂಗಳು ಕಳೆದಿತ್ತು. ಬಂದ ಹಣದಲ್ಲಿ ಒಂದು ಪಾಲನ್ನು ಆ ತಾಯಿಯ ಮುಂದಿಟ್ಟಾಗ ಅವರು ಮುಟ್ಟಲಿಲ್ಲ. ಒಮ್ಮೆ ಕಾರನ್ನು ಮನೆಯ ಮುಂದೆ ತಂದರೆ ಸಾಕೆಂದರು. ತರುಣನು ತಂದು ನಿಲ್ಲಿಸಿದನು. ಅವರು ಮೆಲ್ಲನೆ ಮೆಟ್ಟಿಲಿಳಿದು ಬಂದು, ಬಾಗಿಲು ತೆರೆದು, ಹಿಂದಿನ ಸೀಟಿನ ಮೇಲೆ ಕೈಯಾಡಿಸಿ, "ಇದು ಮಾತ್ರ ಹೊಸತಲ್ಲವಾ? ಹಳೆಯದಕ್ಕೆ ಏನಾಗಿತ್ತು?" ಎಂದು ಕೇಳಿದರು. ಕೋಳಿಗಳ ಸುದ್ದಿಯನ್ನು ನಾವು ಎತ್ತಲಿಲ್ಲ.