ಸಕ್ಕರೆ ಸೀಮೆಯಲ್ಲಿ ಸಕ್ಕರೆ ಬೇನೆ: ಕಣ್ಣಿನ ಕಡೆ ಯಾರ ಲಕ್ಷ್ಯ?

ಮುಧೋಳ: ಸಂಜೆ ಹೊತ್ತಿಗೆ ಇಲ್ಲಿನ ಬಸ್ ನಿಲ್ದಾಣದಲ್ಲಿ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. "ತಮ್ಮಾ, ಇದು ಜಮಖಂಡಿ ಗಾಡಿ ಏನಪಾ?" ಕೇಳುವವರೆಲ್ಲ ಅಕ್ಷರ ಬಾರದವರಲ್ಲ. ಓದಲು ಬರುತ್ತದೆ, ಬೋರ್ಡು ಕಾಣುವುದಿಲ್ಲ. "ವಯಸ್ಸಾತು, ಕಣ್ಣು ಮಂಜಾಗ್ಯಾವ" ಎಂದು ತಮ್ಮ ರೋಗಕ್ಕೆ ತಾವೇ ತೀರ್ಪು ಕೊಟ್ಟುಕೊಂಡು ಗಾಡಿ ಹತ್ತುತ್ತಾರೆ. ಈ ತೀರ್ಪು ಎಷ್ಟೋ ಸಲ ತಪ್ಪು. ಮಂಜಿನ ಹಿಂದೆ ಸಕ್ಕರೆ ಬೇನೆ ಅಡಗಿ ಕುಳಿತಿರಬಹುದು.

ಘಟಪ್ರಭೆಯ ದಂಡೆಯ ಈ ಸೀಮೆ ಕಬ್ಬಿಗೆ ಹೆಸರಾದದ್ದು. ಸಕ್ಕರೆ ಕಾರಖಾನೆಗಳು ಇಲ್ಲಿವೆ, ಮಹಾಲಿಂಗಪುರದ ಬೆಲ್ಲದ ಪೇಟೆ ಹತ್ತಿರವೇ ಇದೆ. ಹಾಗಂತ ಕಬ್ಬು ಬೆಳೆದವರಿಗೆ ಬೇನೆ ಅಂಟಿಕೊಳ್ಳುವುದಿಲ್ಲ. ದೇಹದಲ್ಲಿ ಇನ್ಸುಲಿನ್ ಸಾಲದಾದಾಗ, ಇಲ್ಲವೆ ಇದ್ದೂ ಕೆಲಸ ಮಾಡದಾದಾಗ ರಕ್ತದಲ್ಲಿ ಸಕ್ಕರೆ ಏರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರ ಲೆಕ್ಕದಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹ ಇದೆ. "ಸಕ್ಕರಿ ಬಿಟ್ಟೀನ್ರಿ, ಬೆಲ್ಲದ ಚಹಾ ಅಷ್ಟ ಕುಡಿತೀನಿ" ಎನ್ನುವವರು ತಿಳಿಯಬೇಕಾದ ಮಾತೊಂದಿದೆ: ಬೆಲ್ಲವೂ ರಕ್ತದ ಸಕ್ಕರೆಯನ್ನೇ ಏರಿಸುತ್ತದೆ.

ಹೀಗೊಬ್ಬ ಕಿರಾಣಿ ಸಾವಕಾರರನ್ನು ನೆನೆಸಿಕೊಳ್ಳಿರಿ. ವಯಸ್ಸು ಐವತ್ತು. ಒಂದು ವಾರ ಉದ್ರಿ ಖಾತೆಯ ಅಕ್ಷರ ಚೆಂದ ಕಾಣುತ್ತದೆ, ಮುಂದಿನ ವಾರ ಮಸುಕು. ಚಷ್ಮಾ ಬದಲಿಸುತ್ತಾರೆ. ತಿಂಗಳಿಗೆ ಅದೂ ಕೂಡುವುದಿಲ್ಲ. ಇಲ್ಲಿ ತಪ್ಪು ಚಷ್ಮಾ ಅಂಗಡಿಯವನದಲ್ಲ. ರಕ್ತದ ಸಕ್ಕರೆ ಏರಿಳಿದಾಗ ಕಣ್ಣಿನೊಳಗಿನ ಮಸೂರ ಉಬ್ಬುತ್ತದೆ, ಮತ್ತೆ ಇಳಿಯುತ್ತದೆ, ನಂಬರೂ ಅದರೊಡನೆ ಬದಲಾಗುತ್ತದೆ. ಆದ್ದರಿಂದ ಮೊದಲು ಸಕ್ಕರೆ ಹತೋಟಿಗೆ ಬರಬೇಕು, ಆಮೇಲೆ ಹೊಸ ಚಷ್ಮಾ.

ನಲವತ್ತರ ಸುಮಾರಿಗೆ ಹತ್ತಿರದ್ದು ಕಾಣದಾಗುವುದು ಚಾಳೀಸು. ಅದು ಎಲ್ಲರಿಗೂ ಬರುವಂಥದು, ಚಷ್ಮಾದಿಂದ ಸರಿಹೋಗುತ್ತದೆ. ಮಸೂರವೇ ಮಬ್ಬಾದರೆ ಅದು ಪೊರೆ. ಸಕ್ಕರೆ ಬೇನೆಯವರಿಗೆ ಪೊರೆ ಬೇಗ ಬರುತ್ತದೆ, ಶಸ್ತ್ರಚಿಕಿತ್ಸೆಯಿಂದ ಹೋಗುತ್ತದೆ. ಗ್ಲಾಕೋಮಾ ಎಂಬ ಇನ್ನೊಂದು ರೋಗ ಕಣ್ಣಿನ ನರವನ್ನು ಕೆಡಿಸುತ್ತದೆ. ಅದರ ಭಯವೂ ಇವರಿಗೆ ಹೆಚ್ಚು.

ಎಲ್ಲಕ್ಕೂ ಕಠಿಣವಾದದ್ದು ಅಕ್ಷಿಪಟದ ರೋಗ. ಕಣ್ಣಿನ ಹಿಂಬದಿಯ ಈ ತೆಳು ಪದರದಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳಿವೆ. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಅವು ಸೋರುತ್ತವೆ, ಮುಚ್ಚಿಹೋಗುತ್ತವೆ. ಆಗ ಹೊಸ ನಾಳಗಳು ಹುಟ್ಟುತ್ತವೆ. ಅವು ಬಲು ನಾಜೂಕು, ಒಡೆದರೆ ಕಣ್ಣೊಳಗೇ ರಕ್ತ. ಮೊದಮೊದಲು ನೋವಿಲ್ಲ, ಉರಿಯಿಲ್ಲ, ನೋಟವೂ ನೆಟ್ಟಗೇ ಇರುತ್ತದೆ. ಮೋಸ ಆಗುವುದೇ ಇಲ್ಲಿ. 2022ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯಲ್ಲಿ 40 ದಾಟಿದ ಮಧುಮೇಹಿಗಳ ಪೈಕಿ ಸುಮಾರು ಎಂಟರಲ್ಲಿ ಒಬ್ಬರಿಗೆ ಈ ತೊಂದರೆ ಕಂಡುಬಂದಿತ್ತು.

ಕಣ್ಣಿನ ಶಿಬಿರ ಎಂದರೆ ಈ ಭಾಗದ ಜನಕ್ಕೆ ಹೊಸದಲ್ಲ. ಪಕ್ಕದ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಹಳ್ಳಿಹಳ್ಳಿಗೆ ಹೋಗಿ ಲಕ್ಷಗಟ್ಟಲೆ ಜನರ ಪೊರೆ ತೆಗೆದರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರದು. 2005ರಲ್ಲಿ ತೀರಿಕೊಂಡರು. ಅವರಂಥವರ ಪುಣ್ಯದಿಂದ "ಕಣ್ಣು ಹೋದರ ಆಪರೇಶನ್ ಮಾಡಿಸಿದರಾತು" ಎಂಬ ಧೈರ್ಯ ಜನರಲ್ಲಿ ಬೇರೂರಿತು. ಪೊರೆಯ ಮಟ್ಟಿಗೆ ಆ ಧೈರ್ಯ ಸರಿ. ಅಕ್ಷಿಪಟ ಕೆಟ್ಟಿದ್ದರೆ ಪೊರೆ ತೆಗೆದರೂ ನೋಟ ಪೂರ್ತಿ ಬಾರದು. ಲೇಸರ್, ಕಣ್ಣಿನೊಳಗಿನ ಇಂಜೆಕ್ಷನ್, ದೊಡ್ಡ ಶಸ್ತ್ರಚಿಕಿತ್ಸೆ ಎಲ್ಲವೂ ಇವೆ. ಆದರೆ ಅವುಗಳ ಮುಖ್ಯ ಕೆಲಸ ಉಳಿದ ನೋಟವನ್ನು ಕಾಯುವುದು. ಹೋದದ್ದು ಎಲ್ಲರಿಗೂ ಮರಳುವುದಿಲ್ಲ.

ಹಾಗಾದರೆ ಮಾಡುವುದೇನು? ಸರಕಾರಿ ಆಸ್ಪತ್ರೆಗಳಲ್ಲಿ 30 ದಾಟಿದವರಿಗೆ ಸಕ್ಕರೆ, ರಕ್ತದೊತ್ತಡ ನೋಡುವ ವ್ಯವಸ್ಥೆ ಇದೆ. ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಮಧುಮೇಹ ಇದೆಯೆಂದು ತಿಳಿದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಕಣ್ಣಿಗೆ ಹನಿ ಹಾಕಿಸಿ ಅಕ್ಷಿಪಟ ತೋರಿಸಬೇಕು. ಚಷ್ಮಾ ನಂಬರು ನೋಡಿಸಿದರೆ ಈ ಪರೀಕ್ಷೆ ಆದಂತಲ್ಲ. ಹನಿ ಹಾಕಿದ ಮೇಲೆ ಕೆಲ ತಾಸು ಕಣ್ಣು ಮಸುಕಾಗಿರುತ್ತದೆ. ಅಂದು ಮೋಟಾರ್ ಸೈಕಲ್ ಬಿಟ್ಟು ಬಸ್ಸಿಗೆ ಬರುವುದೇ ಲೇಸು. ಮಧುಮೇಹ ಇರುವ ಹೆಣ್ಣುಮಕ್ಕಳು ಗರ್ಭಿಣಿಯಾದರೆ ಮೊದಲ ತಿಂಗಳುಗಳಲ್ಲೇ ತೋರಿಸಬೇಕು. ಕಣ್ಣ ಮುಂದೆ ಒಮ್ಮೆಲೆ ಕರಿ ಚುಕ್ಕಿ ಹಾರಾಡಿದರೆ, ಪರದೆ ಇಳಿದಂತಾದರೆ ನಾಳೆ ಎನ್ನದೆ ಅಂದೇ ವೈದ್ಯರ ಹತ್ತಿರ ಹೋಗಬೇಕು.

ರಬಕವಿ-ಬನಹಟ್ಟಿಯ ನೇಕಾರನಿಗೆ ಹರಿದ ಎಳೆ ಕಾಣದಿದ್ದರೆ ಮಗ್ಗ ನಿಲ್ಲುತ್ತದೆ. ಸಾವಕಾರನಿಗೆ ತಕ್ಕಡಿಯ ಮುಳ್ಳು ಕಾಣದಿದ್ದರೆ ಅಂಗಡಿ ಪರರ ಕೈಗೆ ಹೋಗುತ್ತದೆ. "ಅಂಗಡಿ ಬಿಟ್ಟು ಹೆಂಗ ಬರೂದ್ರಿ?" ಎನ್ನುವವರು ಒಂದು ಲೆಕ್ಕ ಹಾಕಲಿ. ತಪಾಸಣೆಗೆ ವರ್ಷದಲ್ಲಿ ಒಂದು ದಿನ ಬಾಗಿಲು ಹಾಕಿದರೆ ಒಂದು ದಿನದ ವ್ಯಾಪಾರ ಹೋದೀತು. ಕಣ್ಣೇ ಹೋದರೆ ಆ ಖೋತಾ ಯಾವ ಖಾತೆಗೆ ಬರೆಯುವುದು?