ಹಿತ್ತಿಲ ಹಕ್ಕಿಗಳ ಲೆಕ್ಕ

ಪ್ರತಿ ವರ್ಷ ಫೆಬ್ರವರಿ ನಡುವೆ ಶುಕ್ರವಾರದಿಂದ ಸೋಮವಾರದವರೆಗೆ ನಾಲ್ಕು ದಿನ ಜಗತ್ತಿನ ನಾನಾ ದೇಶಗಳ ಜನ ತಮ್ಮ ಅಂಗಳ, ಹಿತ್ತಿಲು, ಮಾಳಿಗೆ, ಹೊಲದ ಬದುಗಳಲ್ಲಿ ನಿಂತು ಕಣ್ಣಿಗೆ ಬಿದ್ದ ಹಕ್ಕಿಗಳನ್ನು ಎಣಿಸಿ ಪಟ್ಟಿ ಮಾಡುತ್ತಾರೆ. ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಎಂದು ಇದರ ಹೆಸರು. ಕನ್ನಡದಲ್ಲಿ ಹಿತ್ತಿಲ ಹಕ್ಕಿಗಣತಿ ಎಂದರೆ ಸಾಕು. ಎಣಿಸುವವರು ಪಕ್ಷಿತಜ್ಞರಾಗಿರಬೇಕಿಲ್ಲ. ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಶುಲ್ಕವಿಲ್ಲ, ವಯಸ್ಸಿನ ಮಿತಿಯಿಲ್ಲ. ಕನಿಷ್ಠ ಹದಿನೈದು ನಿಮಿಷ ಗಮನವಿಟ್ಟು ನೋಡಬೇಕು, ಕಂಡದ್ದನ್ನು ಪ್ರಾಮಾಣಿಕವಾಗಿ ಬರೆಯಬೇಕು, ಅಷ್ಟೆ.

ಈ ಪದ್ಧತಿಯ ಹಿರಿಯಣ್ಣ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿ ಕ್ರಿಸ್‌ಮಸ್ ದಿನ ಗುಂಪುಗಳಾಗಿ ಹೊರಟು, ಯಾರು ಹೆಚ್ಚು ಹಕ್ಕಿ ಹೊಡೆದು ತರುತ್ತಾರೆಂದು ಪಂದ್ಯ ಕಟ್ಟುವ ರೂಢಿ ಇತ್ತು. 1900ರಲ್ಲಿ ಫ್ರಾಂಕ್ ಚಾಪ್ಮನ್ ಎಂಬ ಪಕ್ಷಿಶಾಸ್ತ್ರಜ್ಞ, ಹೊಡೆಯುವ ಬದಲು ಎಣಿಸೋಣ ಎಂದ. ಮೊದಲ ವರ್ಷ 25 ಕಡೆ 27 ಜನ ಎಣಿಸಿದರು. ಕೋವಿ ಹಿಡಿದ ಕೈಗೆ ಪೆನ್ಸಿಲು ಬಂತು. ಹಿತ್ತಿಲ ಗಣತಿಯನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ಮತ್ತು ಆಡುಬಾನ್ ಸೊಸೈಟಿ ಸೇರಿ 1998ರಲ್ಲಿ ಆರಂಭಿಸಿದವು. 2013ರಲ್ಲಿ ಅದು ಇಡೀ ಜಗತ್ತಿಗೆ ತೆರೆದುಕೊಂಡಿತು. ಭಾರತ ಸೇರಿದ್ದೂ ಆ ವರ್ಷವೇ. ಈಚಿನ ವರ್ಷಗಳಲ್ಲಿ ನಾಲ್ಕೇ ದಿನಗಳಲ್ಲಿ ಭಾರತದಿಂದ ಸಾವಿರಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗುತ್ತಿವೆ. ಪಟ್ಟಿಗಳ ಸಂಖ್ಯೆಯಲ್ಲೂ ದೇಶ ಮುಂಚೂಣಿಯಲ್ಲಿದೆ.

ಇಲ್ಲಿ ಇದನ್ನು ನಡೆಸುವುದು ‘ಬರ್ಡ್ ಕೌಂಟ್ ಇಂಡಿಯಾ’ ಎಂಬ ಒಕ್ಕೂಟ. ಅದೇ ನಾಲ್ಕು ದಿನಗಳಲ್ಲಿ ಶಾಲೆ ಕಾಲೇಜುಗಳ ಆವರಣದಲ್ಲಿ ಕ್ಯಾಂಪಸ್ ಗಣತಿಯೂ ಇರುತ್ತದೆ. ಕೇರಳದಲ್ಲಿ ಓಣಂ, ತಮಿಳುನಾಡಿನಲ್ಲಿ ಪೊಂಗಲ್, ಅಸ್ಸಾಮಿನಲ್ಲಿ ಬಿಹು ಹೀಗೆ ಹಬ್ಬದ ಹೆಸರಿನಲ್ಲೂ ಗಣತಿಗಳಾಗುತ್ತವೆ. ಕರ್ನಾಟಕಕ್ಕೆ ಹಕ್ಕಿ ಎಣಿಸುವುದು ಹೊಸದಲ್ಲ. ಬೆಂಗಳೂರು, ಮೈಸೂರುಗಳ ಹವ್ಯಾಸಿಗಳು ಚಳಿಗಾಲದಲ್ಲಿ ಕೆರೆಗಳ ನೀರುಹಕ್ಕಿ ಎಣಿಸುವುದು ದಶಕಗಳ ಅಭ್ಯಾಸ. ಮೈಸೂರಿನಲ್ಲಿ 2014ರಿಂದ 2016ರವರೆಗೆ ಊರನ್ನು ಚೌಕಗಳಾಗಿ ಹಂಚಿಕೊಂಡು ಹಕ್ಕಿಗಳ ನಕಾಶೆಯನ್ನೇ ಮಾಡಿದರು. ಆದರೆ ಕೆರೆ, ಅಭಯಾರಣ್ಯ, ದೊಡ್ಡ ಊರು ಇವುಗಳ ಸುತ್ತಲೇ ಪಟ್ಟಿಗಳು ಜಮಾಯಿಸುವುದು ಈ ಕೆಲಸದ ಹಳೆಯ ಕೊರತೆ. ಬೆಳಗಾವಿ ಜಿಲ್ಲೆಯಲ್ಲಿ ಹಕ್ಕಿ ನೋಡಬೇಕೆಂದರೆ ಗೋಕಾಕ ತಾಲ್ಲೂಕಿನ ಘಟಪ್ರಭಾ ಪಕ್ಷಿಧಾಮದ ಹೆಸರು ಮೊದಲು ಬರುತ್ತದೆ. ಕಬ್ಬಿನ ಹೊಲದ ನಡುವಿನ ಮನೆಯ ಹಿಂದೆ ಏನಿದೆ ಎಂಬುದು ಯಾರ ಪಟ್ಟಿಗೂ ಬರುವುದಿಲ್ಲ. ಹಿತ್ತಿಲ ಗಣತಿ ತುಂಬಬೇಕಾದ ಜಾಗ ಅದು.

ಗಡಿಯಂಚಿನ ಕೊಗನೊಳ್ಳಿಯನ್ನೇ ನೋಡಬಹುದು. ಪುಣೆ–ಬೆಂಗಳೂರು ಹೆದ್ದಾರಿಯ ಟೋಲ್ ನಾಕೆಯಿಂದ ಹೊರಗಿನವರಿಗೆ ಈ ಊರಿನ ಪರಿಚಯ. ಆಚೆ ಮಹಾರಾಷ್ಟ್ರದ ಕಾಗಲ, ಈಚೆ ನಿಪ್ಪಾಣಿ. ದೂಧಗಂಗಾ, ವೇದಗಂಗಾ ನದಿಗಳ ನೀರು ಕುಡಿದ ಕರಿಮಣ್ಣು, ಅದರ ತುಂಬ ಕಬ್ಬು, ನಡುನಡುವೆ ತಂಬಾಕು. ಪೂರ್ವಕ್ಕೆ ಹೋದಂತೆ ಚಿಕ್ಕೋಡಿ, ರಾಯಬಾಗ, ಕಾಗವಾಡದ ಕೃಷ್ಣಾ ತೀರ, ಮುಂದೆ ಅಥಣಿಯ ಒಣಭೂಮಿ. ಐವತ್ತು ಅರವತ್ತು ಮೈಲಿಯಲ್ಲಿ ನೆಲ ಇಷ್ಟು ಬದಲಾದರೆ ಹಕ್ಕಿಯೂ ಬದಲಾಗುತ್ತದೆ. ನೀರಾವರಿ ಹೊಲದಲ್ಲಿ ಬೆಳ್ಳಕ್ಕಿ, ಬಯಲಿನಲ್ಲಿ ನೆಲಗುಬ್ಬಿ.

ಫೆಬ್ರವರಿ ಈ ಭಾಗದಲ್ಲಿ ಕಬ್ಬಿನ ಕಟಾವಿನ ಕಾಲ. ಕಡಿದ ಹೊಲದಲ್ಲಿ ಟ್ರ್ಯಾಕ್ಟರ್ ಇಳಿಯಿತೆಂದರೆ ಹಿಂದೆಯೇ ಬೆಳ್ಳಕ್ಕಿಗಳ ಮೆರವಣಿಗೆ. ಮಗುಚಿದ ಮಣ್ಣಿನಿಂದ ಹುಳ ಹೆಕ್ಕಲು ಅವಕ್ಕೆ ಬೇರೆ ಕರೆ ಬೇಕಿಲ್ಲ. ರವದಿಗೆ ಬೆಂಕಿ ಇಟ್ಟಲ್ಲಿ ಹೊಗೆಯ ಅಂಚಿನಲ್ಲಿ ಕಾಜಾಣಗಳು, ಮೇಲೆ ಸುತ್ತು ಹಾಕುವ ಹದ್ದುಗಳು. ಓಡುವ ಮಿಡತೆಗೆ ಅಲ್ಲಿ ದಾರಿಯಿಲ್ಲ. ಬಿಳಿಜೋಳ ಇರುವ ಕಡೆ ಗುಲಾಬಿ ಕಬ್ಬಕ್ಕಿಯ ದಂಡು. ಮಧ್ಯ ಏಷ್ಯಾದ ಬಯಲುಗಳಲ್ಲಿ ಮರಿಮಾಡಿ ಚಳಿಗಾಲ ಕಳೆಯಲು ಇಲ್ಲಿಗೆ ಬರುವ ಈ ಹಕ್ಕಿಗೆ ಜೋಳದ ಹಾಲುಗಾಳು ಎಂದರೆ ಪ್ರಾಣ. ಮನುಷ್ಯರು ಸೀತನಿ ಸುಟ್ಟು ತಿನ್ನುವ ಹೊತ್ತಿಗೇ ಅದರ ಊಟವೂ ನಡೆಯುತ್ತದೆ. ಅಟ್ಟದ ಮೇಲೆ ಕವಣೆ ಹಿಡಿದು ಹಕ್ಕಿ ಕಾಯ್ದ ಹಿರಿಯರಿಗೆ ಯಾವ ಹಕ್ಕಿ ಎಷ್ಟು ಹೊತ್ತಿಗೆ ಯಾವ ದಿಕ್ಕಿನಿಂದ ಎರಗುತ್ತದೆ ಎಂಬುದು ಬಾಯಿಪಾಠವಿರುತ್ತಿತ್ತು. ಅದನ್ನು ಬರೆದಿಟ್ಟವರಿಲ್ಲ. ಜೋಳ ಹೋಗಿ ಕಬ್ಬು ಬಂದ ಹೊಲದಲ್ಲಿ ಆಗ ಎಷ್ಟು ಹಕ್ಕಿ ಇದ್ದವು ಎಂದು ಈಗ ಕೇಳಿದರೆ ಉತ್ತರ ಹೇಳುವ ಕಾಗದ ಎಲ್ಲೂ ಸಿಗದು.

ಗಣತಿ ನಡೆಯುವ ಬಗೆ ತೀರ ಸರಳ. ಮೊದಲು ಜಾಗ ಗೊತ್ತು ಮಾಡಬೇಕು. ಹಿತ್ತಿಲಿನ ನುಗ್ಗೆಮರದ ಬುಡವೋ ದನದ ಕೊಟ್ಟಿಗೆಯ ಪಕ್ಕವೋ ಸಾಕು. ಹೊತ್ತು ಬೆಳಗಿನದಾದರೆ ಲೇಸು, ಹಕ್ಕಿ ಹೆಚ್ಚು ಓಡಾಡುವುದು ಆಗಲೇ. ಶುರುವಾದ ಸಮಯ ಬರೆದುಕೊಳ್ಳಬೇಕು. ಕೊಗನೊಳ್ಳಿಯಂಥ ಊರಲ್ಲಿ ಏಳು ಗಂಟೆಗೆ ನಿಂತರೆ ಮೊದಲು ಕಾಣುವುದು ಬಹುಶಃ ಹಂಚಿನ ಸಂದಿನಿಂದ ಇಳಿದು ಧೂಳಿನಲ್ಲಿ ಹೊರಳುವ ಗುಬ್ಬಿಗಳು. ಆರು ಇದ್ದರೆ ಆರು. ಪಕ್ಕದಲ್ಲೇ ಕೆದಕುತ್ತಿರುವ ಕೋಳಿಗಳು ಲೆಕ್ಕಕ್ಕಿಲ್ಲ; ಸಾಕಿದ ಹಕ್ಕಿ, ಪಂಜರದ ಗಿಣಿ ಯಾವುದೂ ಲೆಕ್ಕಕ್ಕಿಲ್ಲ. ಮಾಳಿಗೆಯ ಮೇಲಿನ ಕಾಡುಬಿದ್ದ ಪಾರಿವಾಳ ಮಾತ್ರ ಸೇರುತ್ತದೆ. ದಾಸವಾಳಕ್ಕೆ ಎರಡು ಪಿಕಳಾರ ಬಂದು ಹೋಗಿ ಮತ್ತೆ ಮೂರು ಸಲ ಬಂದರೂ ಅವು ಎರಡೇ, ಎಂಟಲ್ಲ. ತಿಪ್ಪೆಯ ಮೇಲೆ ಬಾಲ ಕುಣಿಸುತ್ತ ಓಡುವುದು ಕುಂಡೆಕುಸ್ಕ. ಕಬ್ಬಿನ ಒಳಗಿಂದ ಗುಪ್ ಗುಪ್ ಎಂದು ಕೆಂಬೂತ ಕೂಗಿತು, ಕಾಣಲಿಲ್ಲ. ದನಿ ಖಚಿತವಿದ್ದರೆ ಅದೂ ಒಂದು. ಅಷ್ಟರಲ್ಲಿ ನದಿಯ ಕಡೆ ಬೆಳ್ಳಕ್ಕಿಯ ಸಾಲು ಹೊರಟಿತು. ಒಂದೊಂದಾಗಿ ಎಣಿಸಲು ಹೊತ್ತಿಲ್ಲ. ಹತ್ತನ್ನು ಎಣಿಸಿ, ಆ ಹತ್ತು ಆಕಾಶದಲ್ಲಿ ಎಷ್ಟು ಜಾಗ ಹಿಡಿಯಿತೆಂದು ನೋಡಿ, ಇಡೀ ಸಾಲಿನಲ್ಲಿ ಅಂಥ ತುಂಡು ಎಷ್ಟೆಂದು ಅಂದಾಜಿಸುವುದು ರೂಢಿ. ನಾಲ್ಕು ತುಂಡಾದರೆ ನಲವತ್ತು. ತೋಚದೇ ಹೋದರೆ ಅಂಕಿಯ ಜಾಗದಲ್ಲಿ ‘ಎಕ್ಸ್’ ಎಂದು ಬರೆಯಲು ಅವಕಾಶವಿದೆ, ಆದರೆ ಅಂದಾಜು ಅದಕ್ಕಿಂತ ಮೇಲು.

ಹೆಸರಿನದು ಗಡಿಭಾಗದ ಸ್ವಾರಸ್ಯ. ಒಂದೇ ಓಣಿಯಲ್ಲಿ ಅಜ್ಜಿ ಗುಬ್ಬಿ ಎಂದರೆ ಎದುರುಮನೆಯವರು ಚಿಮಣಿ ಎನ್ನುತ್ತಾರೆ. ಕೆಂಬೂತ ಮರಾಠಿಯಲ್ಲಿ ಭಾರದ್ವಾಜ, ಕಾಜಾಣ ಕೊತವಾಲ, ಟಿಟ್ಟಿಭ ಟಿಟವಿ, ಗುಲಾಬಿ ಕಬ್ಬಕ್ಕಿ ಭೋರಡಿ. ಎರಡು ಭಾಷೆ ಬಲ್ಲ ಮಕ್ಕಳಿಗೆ ಇದು ಅನುಕೂಲವೇ. ಕನ್ನಡದೊಳಗೂ ಊರೂರಿಗೆ ಹೆಸರು ಬೇರೆ. ಪುಸ್ತಕ ಬೇಕೆನ್ನುವವರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಇದೆ. ಮೊಬೈಲಿನಲ್ಲಿ ‘ಮರ್ಲಿನ್’ ಎಂಬ ಆ್ಯಪ್ ಚಿತ್ರ ನೋಡಿ, ಕೂಗು ಕೇಳಿ ಹೆಸರು ಸೂಚಿಸುತ್ತದೆ. ಸೂಚಿಸುತ್ತದೆ ಎಂಬುದನ್ನು ನೆನಪಿಡಬೇಕು. ಆ್ಯಪ್ ಹೇಳಿತೆಂದು ಕಾಣದ, ಕೇಳದ ಹಕ್ಕಿಯನ್ನು ಪಟ್ಟಿಗೆ ಸೇರಿಸುವುದು ಹೊಸಬರು ಮಾಡುವ ದೊಡ್ಡ ತಪ್ಪು. ಗುರುತು ಸಿಗದ ಹಕ್ಕಿಯನ್ನು ಬಿಟ್ಟರೆ ನಷ್ಟವಿಲ್ಲ, ತಪ್ಪು ಹೆಸರು ಬರೆದರೆ ಇದೆ.

ಎಣಿಕೆ ಮುಗಿದ ಮೇಲೆ ಪಟ್ಟಿಯನ್ನು ‘ಇ–ಬರ್ಡ್’ ಎಂಬ ಉಚಿತ ತಾಣಕ್ಕೆ ಇಲ್ಲವೇ ಅದರ ಆ್ಯಪ್‌ಗೆ ಏರಿಸಬೇಕು. 2002ರಿಂದ ನಡೆಯುತ್ತಿರುವ ಈ ಭಂಡಾರವೂ ಕಾರ್ನೆಲ್ಲಿನದೇ. ಜಾಗ, ದಿನಾಂಕ, ಶುರುವಾದ ಹೊತ್ತು, ಎಷ್ಟು ನಿಮಿಷ, ಎಷ್ಟು ಜನ, ನಡೆದಿದ್ದರೆ ಎಷ್ಟು ದೂರ ಇಷ್ಟನ್ನೂ ಅದು ಕೇಳುತ್ತದೆ. ಆಚೆಗೆ ಕಾಗಲದಲ್ಲಿ ನಿಂತು ಎಣಿಸಿದ ಬೆಳ್ಳಕ್ಕಿ ಮಹಾರಾಷ್ಟ್ರದ ಲೆಕ್ಕಕ್ಕೆ ಹೋಗುತ್ತದೆ, ಅದೇ ಹಕ್ಕಿ ಅರ್ಧ ಗಂಟೆಯ ಬಳಿಕ ಕೊಗನೊಳ್ಳಿಯ ಹೊಲಕ್ಕೆ ಇಳಿದರೆ ಕರ್ನಾಟಕದ್ದು. ಕೊನೆಯಲ್ಲೊಂದು ಪ್ರಶ್ನೆ ಬರುತ್ತದೆ: ಗುರುತಿಸಲು ಸಾಧ್ಯವಾದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ? ಇಡೀ ಗಣತಿಯ ಜೀವ ಇರುವುದು ಈ ಪ್ರಶ್ನೆಯಲ್ಲಿ. ಹೌದು ಎಂದು ಗುರುತು ಹಾಕಿದ ಪಟ್ಟಿಯಲ್ಲಿ ಇಲ್ಲದ ಹಕ್ಕಿ ಆ ಹೊತ್ತಿಗೆ ಅಲ್ಲಿ ಕಾಣಲಿಲ್ಲ ಎಂದೇ ಅರ್ಥ. ಒಂದು ಪ್ರದೇಶದಿಂದ ಬಂದ ನೂರು ಪೂರ್ಣ ಪಟ್ಟಿಗಳಲ್ಲಿ ಗುಬ್ಬಿ ಒಂದು ವರ್ಷ ಎಪ್ಪತ್ತರಲ್ಲಿದ್ದು, ಹತ್ತು ವರ್ಷಗಳ ಬಳಿಕ ನಲವತ್ತರಲ್ಲಿ ಮಾತ್ರ ಇದ್ದರೆ ಏನೋ ಆಗಿದೆ ಎಂದು ತಿಳಿಯುತ್ತದೆ. ‘ಕಾಗೆ, ಗುಬ್ಬಿ ಏನು ಬರೆಯುವುದು, ದಿನಾ ಇರುವವೇ’ ಎಂದು ಬಿಟ್ಟವರ ಪಟ್ಟಿಯಿಂದ ಈ ಲೆಕ್ಕ ತೆಗೆಯಲಾಗದು. ಆ ಭಾಗಕ್ಕೆ ಒಗ್ಗದ ಹಕ್ಕಿಯೋ ನಂಬಲಾಗದಷ್ಟು ದೊಡ್ಡ ಸಂಖ್ಯೆಯೋ ಬಂದರೆ ತಂತ್ರಾಂಶ ಅದನ್ನು ತಡೆದು ಹಿಡಿಯುತ್ತದೆ. ಸ್ಥಳೀಯವಾಗಿ ಬಲ್ಲ ಸ್ವಯಂಸೇವಕರು ಪರಿಶೀಲಿಸಿ, ಬೇಕಾದರೆ ಫೋಟೊ ಅಥವಾ ವಿವರ ಕೇಳುತ್ತಾರೆ. ಅದನ್ನು ಅವಮಾನವೆಂದು ತಿಳಿಯಬೇಕಿಲ್ಲ, ಅನುಭವಿಗಳಿಗೂ ಆ ಪ್ರಶ್ನೆ ಬರುತ್ತದೆ.

ಹೀಗೆ ಕೂಡಿದ ಪಟ್ಟಿಗಳ ಮೇಲೆಯೇ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಗಳು 2020 ಮತ್ತು 2023ರಲ್ಲಿ ಬಂದವು. ಎರಡನೆಯ ವರದಿಗೆ ಸುಮಾರು ಮೂವತ್ತು ಸಾವಿರ ಪಕ್ಷಿವೀಕ್ಷಕರ ಮೂರು ಕೋಟಿ ದಾಖಲೆಗಳನ್ನು ಬಳಸಿ 942 ಜಾತಿಗಳನ್ನು ಅಳೆಯಲಾಯಿತು. ದೀರ್ಘಕಾಲದ ಏರಿಳಿತ ಹೇಳಬಹುದಾದ 338 ಜಾತಿಗಳಲ್ಲಿ ಶೇ 60ರಷ್ಟು ಕುಸಿದಿವೆ. ಕನ್ನಡಿಗರಿಗೆ ಇದರಲ್ಲಿ ಕಚ್ಚುವ ಸುದ್ದಿ ನೀಲಕಂಠದ್ದು. ಕರ್ನಾಟಕದ ರಾಜ್ಯಪಕ್ಷಿ, ದಸರೆಯಲ್ಲಿ ಕಂಡರೆ ಶುಭವೆಂದು ನಂಬುವ ಹಕ್ಕಿ, ಹೊಲದ ತಂತಿಯ ಮೇಲೆ ಕೂತಿರುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದ ಹಕ್ಕಿ, ಶೇ 30ಕ್ಕೂ ಹೆಚ್ಚು ಇಳಿದಿದೆ. ಅಪಾಯದ ಪಟ್ಟಿಯಲ್ಲಿ ಅದರ ಸ್ಥಾನವನ್ನು ಮರುಪರಿಶೀಲಿಸಬೇಕೆಂದು ವರದಿ ಹೇಳಿತು. ನವಿಲಿನದು ಉಲ್ಟಾ ಕತೆ, ಅದು ಎಲ್ಲೆಡೆ ಹೆಚ್ಚುತ್ತಿದೆ. ಬೀಜ ಬಿತ್ತಿದ ರೈತನಿಗೆ ವರದಿ ಓದದೆಯೂ ಗೊತ್ತಿರುವ ವಿಷಯ. ಇನ್ನು ಗುಬ್ಬಿ ನಾಡಿನಿಂದಲೇ ಮಾಯವಾಯಿತು ಎಂಬ ಮಾತಿಗೆ ಲೆಕ್ಕದ ಬೆಂಬಲ ಸಿಗಲಿಲ್ಲ. ದೊಡ್ಡ ನಗರಗಳಲ್ಲಿ ಕಡಿಮೆಯಾಗಿದೆ, ಒಟ್ಟು ದೇಶದಲ್ಲಿ ಹೆಚ್ಚು ಕಡಿಮೆ ಹಾಗೇ ಇದೆ ಎಂದು 2020ರ ವರದಿ ತೋರಿಸಿತು. ಮೊಬೈಲ್ ಟವರಿನ ಮೇಲೆ ಹೊರಿಸಿದ್ದ ಅಪವಾದಕ್ಕೂ ಗಟ್ಟಿ ಪುರಾವೆ ಕಾಣಲಿಲ್ಲ.

ನಾಲ್ಕು ದಿನದ ಗಣತಿಗೆ ತನ್ನ ಮಿತಿಯೂ ಇದೆ. ಫೆಬ್ರವರಿ ನಡುವನ್ನು ಆರಿಸಿದ್ದು ಅಮೆರಿಕದವರು, ವಸಂತದ ವಲಸೆಗೆ ಮುಂಚಿನ ಚಿತ್ರ ಬೇಕೆಂದು. ನಮ್ಮಲ್ಲಿಯೂ ಆ ಹೊತ್ತಿಗೆ ಚಳಿಗಾಲದ ಅತಿಥಿಗಳು ಇನ್ನೂ ಇರುತ್ತವೆ, ಅಷ್ಟರ ಮಟ್ಟಿಗೆ ಹೊಂದುತ್ತದೆ. ಆದರೆ ಗೀಜಗ ಗೂಡು ನೇಯುವುದು ಮಳೆಗಾಲದಲ್ಲಿ, ಅದು ಈ ಪಟ್ಟಿಯಲ್ಲಿ ಗೊತ್ತಾಗುವುದಿಲ್ಲ. ಹೆದ್ದಾರಿಯ ಪಕ್ಕದ ಹಿತ್ತಿಲಿನಲ್ಲಿ ಲಾರಿ ಸದ್ದಿಗೆ ಅರ್ಧ ಕೂಗು ಮುಳುಗಿಹೋಗುತ್ತದೆ. ಒಂದೇ ಪಟ್ಟಿಯಿಂದ ಯಾವ ತೀರ್ಮಾನಕ್ಕೂ ಬರಲಾಗದು. ಅದೇ ಹಿತ್ತಿಲಿನಿಂದ ತಿಂಗಳಿಗೊಂದರಂತೆ ವರ್ಷಗಟ್ಟಲೆ ಬಂದ ಪಟ್ಟಿಗೆ ಬೆಲೆ ಹೆಚ್ಚು.

ಅದಕ್ಕೆ ಅಡ್ಡಿಯೂ ಇಲ್ಲ. ಫೆಬ್ರವರಿ ಗಣತಿ ತಪ್ಪಿದರೂ ಇ–ಬರ್ಡ್ ವರ್ಷದ ಎಲ್ಲ ದಿನ ಪಟ್ಟಿ ಸ್ವೀಕರಿಸುತ್ತದೆ, ಹಳೆಯ ದಿನಚರಿಯಲ್ಲಿ ಬರೆದಿಟ್ಟ ಪಟ್ಟಿಯನ್ನು ಅಂದಿನ ದಿನಾಂಕ ಹಾಕಿಯೇ ಸೇರಿಸಬಹುದು.